ಹಿತ್ತಲ ಕೋಳಿ ಮತ್ತು ಮನೆಮಂದಿಯ ಹೊಣೆ

ಮದ್ರಸದಲ್ಲಿ ಝಬಹ್‌ನ ಪಾಠ ಮುಗಿಸಿ ಕಿತಾಬು ಮುಚ್ಚುವಷ್ಟರಲ್ಲಿ ನುಗ್ಗೇಹಳ್ಳಿ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಹಜ್ರತ್, ಸಾಯ್ತಾ ಇರೋ ಕೋಳೀನ ಕುಯ್ದ್ರೆ ಹಲಾಲಾ?” ಎಂದು ಕೇಳಿದ. ಜೀವವಿರುವಾಗಲೇ ಅಲ್ಲಾಹನ ಹೆಸರು ಹೇಳಿ ಕುಯ್ದರೆ ಹಲಾಲ್ ಎಂದೆ. ಅವನು ಕೂರಲಿಲ್ಲ. “ಅದನ್ನ ಸಂತೇಲಿ ಮಾರಿದ್ರೆ?” ಎಂದ. ಎರಡನೆಯ ಪ್ರಶ್ನೆಗೂ ಉತ್ತರ ಕಿತಾಬಿನಲ್ಲಿತ್ತು. ಆದರೆ ಹುಡುಗನ ಮುಖ ನೋಡಿದಾಗ ಅದು ಅವನ ಮನೆಯಲ್ಲೇ ನಡೆದ ಸಂಗತಿಯೆಂದು ತಿಳಿದು, ಎಲ್ಲರೆದುರು ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಆ ಉತ್ತರವನ್ನು ಈಗ ಸ್ವಲ್ಪ ವಿಸ್ತಾರವಾಗಿ ಓದುಗರ ಮುಂದಿಡುತ್ತಿದ್ದೇನೆ.

ಚನ್ನರಾಯಪಟ್ಟಣ ತಾಲ್ಲೂಕಿನ ಆ ಸೀಮೆ ತೆಂಗು, ರಾಗಿಯ ಸೀಮೆ. ಮನೆಯ ಹಿಂದೆ ನಾಲ್ಕು ತೆಂಗಿನ ಮರ, ಒಂದು ತಿಪ್ಪೆ, ರಾತ್ರಿ ಮಂಕರಿಯಡಿ ಕವುಚಿಡುವ ಐದಾರು ಕೋಳಿ. ನಮ್ಮಲ್ಲಿ ಅನೇಕ ಬಡ ಕುಟುಂಬಗಳಿಗೆ ಇದೇ ಆಪತ್ತಿನ ಧನ. ಇದನ್ನು ಅಲ್ಪವೆಂದು ಭಾವಿಸಬೇಡಿ. ಪ್ರವಾದಿವರ್ಯರು(ಸ) ಕೋಳಿ ಮಾಂಸ ಸೇವಿಸಿದ್ದನ್ನು ಹ. ಅಬೂಮೂಸಾ ಅಶ್‌ಅರೀ(ರ) ಕಣ್ಣಾರೆ ಕಂಡು ವರದಿ ಮಾಡಿದ್ದಾರೆ. ಜುಮುಅಗೆ ಬೇಗನೆ ಹೋಗುವವರ ಪ್ರತಿಫಲವನ್ನು ವಿವರಿಸುವ ಪ್ರಸಿದ್ಧ ಹದೀಸ್‌ನಲ್ಲಿ ಒಂಟೆ, ಹಸು, ಟಗರಿನ ಸಾಲಿನಲ್ಲೇ ಕೋಳಿಗೂ ಕೊನೆಗೆ ಮೊಟ್ಟೆಗೂ ಸ್ಥಾನ ದೊರೆತಿದೆ. ಹುಂಜ ನಮಾಝಿಗೆ ಎಬ್ಬಿಸುವುದರಿಂದ ಅದನ್ನು ಬೈಯಬಾರದೆಂಬ ಉಪದೇಶವೂ ಅಬೂದಾವೂದ್‌ನಲ್ಲಿದೆ.

ಸಾಕುವ ವಿಚಾರ ಬಹುತೇಕ ನಿಮಗೆ ಗೊತ್ತಿರುವುದೇ. ನಾಟಿ ಹೇಂಟೆ ಇಡುವ ಮೊಟ್ಟೆ ಕಡಿಮೆ, ಆದರೆ ಇಪ್ಪತ್ತೊಂದು ದಿನ ಜತನದಿಂದ ಕಾವು ಕೂತು ಮರಿಗಳನ್ನು ಹದ್ದಿನಿಂದ ಕಾಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯೂ ಅದರ ನಂತರ 2005ರಲ್ಲಿ ಬಂದ ಸ್ವರ್ಣಧಾರ ತಳಿಯೂ ಹಿತ್ತಲಿನಲ್ಲಿ ಮೇಯ್ದು ಬೆಳೆಯುತ್ತವೆ, ಮೊಟ್ಟೆಯೂ ಹೆಚ್ಚು, ತೂಕವೂ ಹೆಚ್ಚು. ಕಾವಿಗೆ ಮಾತ್ರ ಅವುಗಳನ್ನು ನಂಬುವಂತಿಲ್ಲ. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯಡಿ ಹತ್ತು ಹನ್ನೆರಡರಂತೆ ಇಡುವುದು ಜಾಣತನ. ತಿಪ್ಪೆ ಕೆದಕಿ ಹೊಲಸು ತಿನ್ನುವ ಕೋಳಿಯನ್ನು ಕುಯ್ಯುವ ಮುನ್ನ ಹ. ಇಬ್ನು ಉಮರ್(ರ) ಮೂರು ದಿನ ಕಟ್ಟಿಹಾಕಿ ಶುದ್ಧ ಆಹಾರ ಕೊಡುತ್ತಿದ್ದರೆಂದು ವರದಿಯಿದೆ. ಮನೆಯಲ್ಲಿ ಸ್ವಲ್ಪ ರಾಗಿ, ನುಚ್ಚು ಇದ್ದರೆ ಇದು ಕಷ್ಟದ ಕೆಲಸವಲ್ಲ.

ಈಗ ರೋಗದ ಮಾತಿಗೆ ಬರೋಣ. ನಮ್ಮ ಕಡೆ ಕೊಕ್ಕರೆ ರೋಗವೆನ್ನುವುದನ್ನು ಪಶುವೈದ್ಯರು ರಾಣಿಖೇತ್ ರೋಗವೆನ್ನುತ್ತಾರೆ. ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸಿರು ಬಣ್ಣದ ಭೇದಿ ಮಾಡುತ್ತದೆ, ಕತ್ತು ತಿರುಚಿಕೊಳ್ಳುತ್ತದೆ, ಕಾಲು ಸೋಲುತ್ತದೆ. ಇದು ವೈರಸ್‌ನಿಂದ ಬರುವ ರೋಗ; ಬಂದ ಮೇಲೆ ಔಷಧವಿಲ್ಲ. ಒಂದು ವಾರದೊಳಗೆ ಇಡೀ ಹಿತ್ತಲು ಬರಿದಾಗುವುದುಂಟು. ಹಿಕ್ಕೆ, ಸತ್ತ ಕೋಳಿ, ಚಪ್ಪಲಿಗೆ ಅಂಟಿದ ಮಣ್ಣು – ಇವುಗಳ ಮೂಲಕ ಕೇರಿಯಿಂದ ಕೇರಿಗೆ ದಾಟುತ್ತದೆ.

ಇಲ್ಲಿಯೇ ನಮ್ಮ ಈಮಾನಿನ ಪರೀಕ್ಷೆ. ಮೊದಲ ಕೋಳಿ ತೂಕಡಿಸಿದ ಕೂಡಲೇ ಮನೆಯವರಿಗೆ ಹೊಳೆಯುವ ಉಪಾಯ ಒಂದೇ: ಉಳಿದವುಗಳ ಕಾಲು ಕಟ್ಟಿ ಸಂತೆಗೆ ಒಯ್ಯುವುದು. ಸಾಯುವ ಮುನ್ನ ಕಾಸಾಗಲಿ ಎಂಬ ಲೆಕ್ಕ. ಬಡವನ ಸಂಕಟ ನನಗೆ ಅರ್ಥವಾಗದೆ ಇಲ್ಲ. ಆದರೆ ಮದೀನದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಅವರು(ಸ) ಸಾರಿದರು. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ. ರೋಗ ಬಂದದ್ದು ನಿಮ್ಮ ತಪ್ಪೂ ಅಲ್ಲ. ಮುಚ್ಚಿಟ್ಟದ್ದು ಮಾತ್ರ ತಪ್ಪು. ಕೊಂಡವನು ಮುಸ್ಲಿಮನೋ ಗೌಡರ ಮನೆಯವನೋ ಎಂಬ ಭೇದ ಇಲ್ಲಿಲ್ಲ.

ಹಾಗಾದರೆ ರೋಗವಿದೆಯೆಂದು ಹೇಳಿಯೇ ಮಾರಬಹುದಲ್ಲ ಎಂದು ನೀವು ಕೇಳಬಹುದು. ರೋಗದ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ಒಯ್ಯಬಾರದೆಂಬ ಆದೇಶ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸಂತೆಯೆಂದರೆ ಹತ್ತೂರ ಕೋಳಿ ಸೇರುವ ಜಾಗ. ನೀವು ಬೆಲೆ ಇಳಿಸಿ, ಸತ್ಯ ಹೇಳಿ ಮಾರಿದರೂ ಪಕ್ಕದ ಬುಟ್ಟಿಯ ವಿಧವೆಯ ಕೋಳಿಗೆ ಅದು ತಗುಲುತ್ತದೆ. ಆಕೆ ನಿಮ್ಮೊಡನೆ ಯಾವ ವ್ಯವಹಾರವನ್ನೂ ಮಾಡಿರಲಿಲ್ಲ.

ಹುಡುಗನ ಮೊದಲ ಪ್ರಶ್ನೆಗೂ ಒಂದು ಮಾತು ಸೇರಿಸಬೇಕು. ಹ. ಕಅಬ್ ಬಿನ್ ಮಾಲಿಕ್(ರ)ರ ಕುರಿ ಮೇಯಿಸುತ್ತಿದ್ದ ದಾಸಿಯೊಬ್ಬಳು ಸಾಯುತ್ತಿದ್ದ ಕುರಿಯನ್ನು ಚೂಪುಗಲ್ಲಿನಿಂದ ಝಬಹ್ ಮಾಡಿದಳು. ಅದನ್ನು ತಿನ್ನಲು ಪ್ರವಾದಿವರ್ಯರು(ಸ) ಅನುಮತಿಸಿದರು. (ಹೆಂಗಸರು ಕುಯ್ದದ್ದು ಸಲ್ಲದೆಂದು ನಮ್ಮಲ್ಲಿ ಕೆಲವರು ಗಂಡಸಿಗಾಗಿ ಬೀದಿಯಲ್ಲಿ ಕಾಯುವುದುಂಟು, ಅವರಿಗೂ ಇದರಲ್ಲಿ ಉತ್ತರವಿದೆ.) ಆದರೆ ಹಲಾಲ್ ಎಂದ ಮಾತ್ರಕ್ಕೆ ತಿನ್ನಲೇಬೇಕೆಂದಿಲ್ಲ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂದು ನಾವು ನೋಡಿ ಹೇಳಲಾರೆವು. ಆಗ ಕುಯ್ಯಲೂ ಬೇಡಿ, ಪುಕ್ಕ ಕೀಳಲೂ ಬೇಡಿ. ಮಕ್ಕಳನ್ನು ದೂರವಿಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಸತ್ತದ್ದನ್ನು ಕೆರೆಗೆ, ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ.

ರೋಗ ಬರುವ ಮುನ್ನವೇ ಲಸಿಕೆ ಹಾಕಿಸುವುದು ದಾರಿ. ಮರಿಗೆ ಒಂದು ವಾರವಾಗುವಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು. ತೊಡಕೇನೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆಯಿರುತ್ತದೆ, ತಣ್ಣಗಿಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿಯ ಮನೆಯೊಂದಕ್ಕೆ ಇದು ಹೊಂದುವುದಿಲ್ಲ. ಆದ್ದರಿಂದ ಕೇರಿಯವರೆಲ್ಲ ಒಂದು ದಿನ ಗೊತ್ತುಮಾಡಿ, ಹಿಂದಿನ ರಾತ್ರಿಯೇ ಕೋಳಿ ಕವುಚಿಟ್ಟು, ಬೆಳಿಗ್ಗೆ ಒಂದೆಡೆ ತರಬೇಕು. ಮಸೀದಿಯ ಜಮಾಅತ್‌ನವರು ಚಂದಾ ಎತ್ತಲು ಮನೆ ಮನೆ ತಿರುಗುತ್ತಾರೆ. ವರ್ಷಕ್ಕೆ ಎರಡು ಮೂರು ಸಲ ಇದಕ್ಕಾಗಿಯೂ ತಿರುಗಬಾರದೇಕೆ? ಹಿಂದೂ ನೆರೆಯವರನ್ನೂ ಕರೆಯಿರಿ. ಅವರ ಕೋಳಿ ಉಳಿಯದೆ ನಿಮ್ಮದು ಉಳಿಯದು.

ಇನ್ನು ಕೋಳಿ ಯಾರದೆಂಬ ಪ್ರಶ್ನೆ. ತವರಿನಿಂದ ತಂದ ಹೇಂಟೆ, ಆಕೆಯೇ ಕಾಳು ಹಾಕಿ, ಆಕೆಯೇ ಮುಂಗುಸಿಗೆ ಅಂಜಿ ರಾತ್ರಿ ಎರಡು ಬಾರಿ ಎದ್ದು ನೋಡಿದ್ದು; ಮಾರುವಾಗ ಮಾತ್ರ ಗಂಡನದು! ಗಂಡಸರು ಗಳಿಸಿದ್ದರಲ್ಲಿ ಗಂಡಸರಿಗೆ ಪಾಲು, ಹೆಂಗಸರು ಗಳಿಸಿದ್ದರಲ್ಲಿ ಹೆಂಗಸರಿಗೆ ಪಾಲು ಎಂಬ ಅರ್ಥ ಬರುವ ಅನ್ನಿಸಾ ಅಧ್ಯಾಯದ 32ನೆಯ ಸೂಕ್ತವನ್ನು ನಿಕಾಹ್ ಸಭೆಗಳಲ್ಲಿ ನಾವು ಸಾಕಷ್ಟು ಹೇಳುವುದಿಲ್ಲವೆಂದು ನನಗನಿಸುತ್ತದೆ. ಮನೆ ಖರ್ಚು ಗಂಡನ ಹೊಣೆ. ಮೊಟ್ಟೆಯ ದುಡ್ಡನ್ನು ಆಕೆ ಮನೆಗೆ ಹಾಕಿದರೆ ಅದು ಆಕೆಯ ಔದಾರ್ಯ. ಕೇಳದೆ ತೆಗೆದರೆ ಅದಕ್ಕೆ ಬೇರೆ ಹೆಸರಿದೆ.

ಮಕ್ಕಳಿಗೆ ನೀರಿನ ಬಟ್ಟಲಿನ ಕೆಲಸ ಕೊಡಿ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಕೊಂದ ಹೆಂಗಸಿಗಾದ ಶಿಕ್ಷೆಯ ಹದೀಸ್ ಮಂಕರಿಯಡಿ ಮರೆತ ಕೋಳಿಗೂ ಅನ್ವಯಿಸುತ್ತದೆಂದು ಅವರಿಗೆ ತಿಳಿಯಲಿ. ಕೋಳಿಯನ್ನು ಕಟ್ಟಿ ಗುರಿಯಿಟ್ಟು ಬಾಣ ಹೊಡೆಯುತ್ತಿದ್ದ ಯುವಕರನ್ನು ಹ. ಇಬ್ನು ಉಮರ್(ರ) ಗದರಿಸಿ, ಜೀವವಿರುವುದನ್ನು ಗುರಿಯಾಗಿಸುವವರನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ನೆನಪಿಸಿದರು. ಕಲ್ಲೆಸೆದು ಕೋಳಿ ಅಟ್ಟುವ ಹುಡುಗರಿಗೆ ಈ ಘಟನೆ ಹೇಳಿ. ಕೋಳಿ ಅಂಕವೂ ಇದೇ ಸಾಲಿಗೆ ಸೇರುತ್ತದೆ, ಜೂಜು ಬೇರೆ.

ನೆರೆಯವರ ಸೊಪ್ಪಿನ ಮಡಿ, ಅಂಗಳದಲ್ಲಿ ಒಣಗಲು ಹರಡಿದ ರಾಗಿ ಇವು ಜಗಳದ ಮೂಲ. ಬೇರೆಯವರ ಹೊಲಕ್ಕೆ ರಾತ್ರಿ ನುಗ್ಗಿದ ಕುರಿಗಳ ವಿಷಯದಲ್ಲಿ ದಾವೂದ್(ಅ) ಮತ್ತು ಸುಲೈಮಾನ್(ಅ) ತೀರ್ಪಿಗೆ ಕುಳಿತದ್ದನ್ನು ಕುರ್‌ಆನ್ ಅಲ್‌ಅಂಬಿಯಾ ಅಧ್ಯಾಯದಲ್ಲಿ ಹೇಳುತ್ತದೆ. ಇಬ್ಬರು ಪ್ರವಾದಿಗಳು ತಲೆಕೆಡಿಸಿಕೊಂಡ ವಿಷಯವನ್ನು “ಕೋಳಿಗೇನು ಗೊತ್ತು” ಎಂದು ತಳ್ಳಿಹಾಕಬೇಡಿ. ಮಡಿ ಕೆದಕಿದ್ದರೆ ಬೀಜದ ದುಡ್ಡು ಕೊಡಿ, ಇಲ್ಲವೇ ಮೊಳಕೆ ಏಳುವ ತನಕ ಕೂಡಿಹಾಕಿ.

ಆ ಹುಡುಗನ ತಂದೆಯನ್ನು ಒಂದು ದಿನ ಅಸ್ರ್ ನಮಾಝ್‌ನ ಬಳಿಕ ಒಬ್ಬರನ್ನೇ ಕಂಡು ಮಾತಾಡಿದೆ. ಮೂವರಿಗೆ ನಾಲ್ಕು ಕೋಳಿ ಮಾರಿದ್ದರಂತೆ. ಅದೇ ಸಂತೆಯಲ್ಲಿ ಇಬ್ಬರು ಸಿಕ್ಕರು, ಹಣ ಹಿಂದಿರುಗಿಸಿದರು. ಅವರಲ್ಲೊಬ್ಬರು ಬೈದರು, ಇನ್ನೊಬ್ಬರು ಚಹಾ ಕುಡಿಸಿದರು. ತಿಪಟೂರು ಕಡೆಯ ಮೂರನೆಯವರು ಎಷ್ಟು ವಾರ ಕಾದರೂ ಬರಲಿಲ್ಲ. ಯಜಮಾನ ಸಿಗದ ಹಣವನ್ನು ಅವರ ಹೆಸರಿನಲ್ಲಿ ಬಡವರಿಗೆ ಕೊಡಿ, ಮುಂದೆಂದಾದರೂ ಸಿಕ್ಕಿ ಕೇಳಿದರೆ ಮತ್ತೆ ಕೊಡಿ ಎಂದೆ. ಕೋಳಿಗಳು ಹೆಂಡತಿಯದಾಗಿದ್ದರಿಂದ ಆ ಹಣವೂ ಆಕೆಯ ಡಬ್ಬಿಯಿಂದಲೇ ಬರಬೇಕಾಗಿತ್ತು. ತಾನು ಕೇಳದೆ ಮಾರಿದ್ದೆನೆಂದು ಆತನೇ ತನ್ನ ಕೂಲಿಯಿಂದ ಕೊಟ್ಟನು. ಈಗ ಅವರ ಮನೆಯಲ್ಲಿ ಎಂಟು ಮರಿಗಳಿವೆ. ಲಸಿಕೆಯ ದಿನವನ್ನು ಹುಡುಗ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದಾನೆ.