ಕಾಲು ಕಚ್ಚುವ ನೊಣಕ್ಕೂ ಹವೆಯ ಲೆಕ್ಕವಿದೆ

ಅಕ್ಕಂದಿರೇ, ಕರೆಯುವಾಗ ಹಸು ಕಾಲು ಝಾಡಿಸಿದರೆ ಗದರಬೇಡಿ, ಮೊದಲು ಅದರ ಕಾಲು ನೋಡಿ. ಮನೆನೊಣದಂತೆ ಕಂಡರೂ ಸೂಜಿಯಂಥ ಮೂತಿಯಿರುವ ನೊಣ ಅಲ್ಲಿ ರಕ್ತ ಹೀರುತ್ತಿರಬಹುದು. ಚಳಿಯಲ್ಲಿ ಇದು ಮಂಕಾಗಿ ಗೋಡೆ ಹಿಡಿದು ಕೂರುತ್ತದೆ. 25ರಿಂದ 30 ಡಿಗ್ರಿಯಲ್ಲಿ ಬಲು ಚುರುಕು. ಕಡುಬೇಸಿಗೆಯ ಮಧ್ಯಾಹ್ನ ನೆರಳು ಸೇರಿ, ಬೆಳಗ್ಗೆ, ಸಂಜೆ ಕಚ್ಚುತ್ತದೆ. ನೀವು ಹಾಲು ಕರೆಯುವುದೂ ಅದೇ ಹೊತ್ತಿಗೆ!

ನಮ್ಮ ಬೆಂಗಳೂರಿನ ಮಳೆಗಾಲದ ಹಗಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಂಜಲದಲ್ಲಿ ನೆನೆದ ಮೇವಿನ ಕಸದಲ್ಲಿಟ್ಟ ಮೊಟ್ಟೆ ಎರಡು ಮೂರು ವಾರದಲ್ಲೇ ನೊಣವಾಗುತ್ತದೆ. 2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ಹರಡುವುದೂ ಇಂಥ ರಕ್ತ ಹೀರುವ ಕೀಟಗಳೇ.

ಹೊಗೆಯಿಂದ ಸಿಗುವುದು ಆ ಹೊತ್ತಿನ ನೆಮ್ಮದಿ ಮಾತ್ರ. ವಾರಕ್ಕೊಮ್ಮೆಯಾದರೂ ಗೋದಲಿಯ ಅಡಿ, ಮೂಲೆಗಳನ್ನು ಕೆರೆದು ಬಳಿದು, ಕಸವನ್ನು ಬಿಸಿಲಿಗೆ ತೆಳ್ಳಗೆ ಹರಡಿ. ಗೊರಗುಂಟೆಪಾಳ್ಯದಂಥ ಇಕ್ಕಟ್ಟಿನಲ್ಲಿ ಹರಡಲು ಜಾಗವಿಲ್ಲದಿದ್ದರೆ ತಿಪ್ಪೆಯನ್ನು ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿಡಿ.