ಪ್ಲಾನ್ ಏರಿಸಿದರೆ ಸ್ಲ್ಯಾಬ್ ಕರಗುತ್ತದೆಯೇ?

ವೈಫೈಗೆಂದು ನಾನು ಸುರಿದ ₹13,350 ಅನ್ನು ಮನೆಯಲ್ಲಿ ಈಗಲೂ ದುಂದು ಎನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ.

ನಮ್ಮದು ಬೆಂಗಳೂರಿನ 30×40 ಸೈಟಿನಲ್ಲಿ ಎದ್ದ ಮಾಮೂಲಿ ಡ್ಯೂಪ್ಲೆಕ್ಸ್. ಫೈಬರ್ ಎಳೆಯಲು ಬಂದ ಹುಡುಗರು ತಮಗೆ ಹತ್ತಿರವಾಗಲೆಂದು ಮುಂಬಾಗಿಲ ಪಕ್ಕದಲ್ಲೇ ರೂಟರ್ ಮೊಳೆಗೆ ಸಿಕ್ಕಿಸಿ ಹೋದರು. ಹಾಲ್‌ನಲ್ಲಿ 95 ಎಂಬಿಪಿಎಸ್, ಮಹಡಿಯ ಹಿಂದಿನ ಕೋಣೆಯಲ್ಲಿ 6. ನಡುವೆ ಕಬ್ಬಿಣ ತುಂಬಿದ ಸ್ಲ್ಯಾಬ್, ಎರಡು ಗೋಡೆ, ಟೈಲ್ಸ್ ಹಾಕಿದ ಬಚ್ಚಲು. 5 ಗಿಗಾಹರ್ಟ್ಸ್ ಅಲ್ಲಿಗೆ ಏರುವುದೇ ಇಲ್ಲ, 2.4 ಹೇಗೋ ತೆವಳಿಕೊಂಡು ತಲುಪುತ್ತದೆ. ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ: ‘300 ಎಂಬಿಪಿಎಸ್ ಪ್ಲಾನಿಗೆ ಹೋಗಿ ಸರ್.’ ಮಹಡಿಯ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಎರಡನೇ ಕಾವೇರಿ ಕನೆಕ್ಷನ್ ತಗೊಳ್ಳಿ ಅಂದ ಹಾಗೆ!

ಲೆಕ್ಕ ಹಾಕಿ. ಪ್ಲಾನ್ ಏರಿಸಿದರೆ ತಿಂಗಳಿಗೆ ₹400 ಹೆಚ್ಚು. ಅದರ ಮೇಲೆ 18% ಜಿಎಸ್‌ಟಿ ₹72. ಒಟ್ಟು ₹472. ವರ್ಷಕ್ಕೆ ₹5,664, ಮೂರು ವರ್ಷಕ್ಕೆ ₹16,992. ಇಷ್ಟು ಕೊಟ್ಟ ಮೇಲೂ ಹಿಂದಿನ ಕೋಣೆಯ ಪಾಡು ಅದೇ, ಯಾಕೆಂದರೆ ಅಡ್ಡ ಇರುವುದು ಸ್ಲ್ಯಾಬ್, ಪ್ಲಾನ್ ಅಲ್ಲ. ಈಗ ನನ್ನ ಖರ್ಚು: ಮನೆಯ ಬೇರೆಬೇರೆ ಕಡೆ ಇಟ್ಟು ಒಂದೇ ವೈಫೈ ಹಂಚುವ ಮೂರು ಡಬ್ಬಿಗಳ ಮೆಶ್ ₹11,400, ಮೀಟರಿಗೆ ₹25ರಂತೆ 30 ಮೀಟರ್ ಕ್ಯಾಟ್-6 ಕೇಬಲ್ ₹750, ಎಲೆಕ್ಟ್ರಿಷಿಯನ್ನಿಗೆ ₹1,200. ಒಟ್ಟು ₹13,350 ಅನ್ನು 472ರಿಂದ ಭಾಗಿಸಿ: 28 ತಿಂಗಳ ಮೇಲೆ ಚೂರು. 29ನೇ ತಿಂಗಳಿನಿಂದ ಉಳಿದದ್ದೆಲ್ಲ ನನ್ನದೇ, ಜೊತೆಗೆ ಹಿಂದಿನ ಕೋಣೆಯಲ್ಲೂ 90ರ ಆಸುಪಾಸು.

ಆ ₹750ರ ಕೇಬಲ್ಲೇ ಇಡೀ ಖರ್ಚಿನಲ್ಲಿ ಅತಿ ಹೆಚ್ಚು ದುಡಿದದ್ದು. ಲ್ಯಾಂಡ್‌ಲೈನ್ ಕಾಲದಲ್ಲಿ ಗೋಡೆಯೊಳಗೆ ಹಾಕಿಸಿದ್ದ ಪೈಪ್ ಖಾಲಿ ಬಿದ್ದಿತ್ತು, ಅದರಲ್ಲೇ ತೂರಿಸಿದೆವು. ಡಬ್ಬಿಗಳು ಗಾಳಿಯಲ್ಲಿ ಮಾತಾಡಿಕೊಳ್ಳುವ ಬದಲು ತಂತಿಯಲ್ಲಿ ಮಾತಾಡಿದರೆ ಬ್ಯಾಕ್‌ಹಾಲ್, ಅಂದರೆ ಡಬ್ಬಿಗಳ ನಡುವಿನ ಸಂಪರ್ಕದ ತಲೆನೋವೇ ಇರುವುದಿಲ್ಲ.

ಇನ್ನು ಸಾವಿರದೈನೂರಕ್ಕೆ ಸಿಗುವ, ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್. ದಯವಿಟ್ಟು ಬೇಡ. ಅಗ್ಗದವು ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ತಿರುಗಿ ಹೇಳುತ್ತವೆ. ವೇಗ ಅಲ್ಲಿಗೇ ಅರ್ಧ. ಜನ ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಡುತ್ತಾರೆ, ಅದು ಸತ್ತ ಸಿಗ್ನಲ್ಲನ್ನೇ ಮತ್ತೊಮ್ಮೆ ಸಾರುತ್ತದೆ. ಪೆಟ್ಟಿಗೆಯ ಮೇಲೆ ಮಾತ್ರ 1,200 ಎಂದು ದಪ್ಪಕ್ಷರ!

ಎರಡು ಬೆಡ್‌ರೂಮಿನ ಫ್ಲ್ಯಾಟ್‌ನವರಿಗೆ ಇದ್ಯಾವುದೂ ಬೇಡ. ರೂಟರನ್ನು ಟಿವಿ ಕಪಾಟಿನಿಂದ, ಮೀನಿನ ತೊಟ್ಟಿಯ ಹಿಂದಿನಿಂದ ತೆಗೆದು ಮನೆಯ ಮಧ್ಯೆ ಎತ್ತರದಲ್ಲಿಡಿ. ಸಾಮಾನ್ಯವಾಗಿ ಅಷ್ಟೇ ಸಾಕು.

ನನಗೆ ಸಿಟ್ಟು ಬರುವುದು ನಮ್ಮ ಅಭ್ಯಾಸದ ಮೇಲೆ. ಒಂದೇ ಸಲ ಹತ್ತು ಸಾವಿರ ಎಂದರೆ ಹೌಹಾರುವ ನಾವು, ತಿಂಗಳ ಐನೂರನ್ನು ಆಟೊಪೇಗೆ ಹಾಕಿ ಮರೆತೇಬಿಡುತ್ತೇವೆ. ಒಟಿಟಿ, ಜಿಮ್, ಕ್ಲೌಡ್ ಎಲ್ಲವೂ ಹೀಗೇ ನುಸುಳಿದವು. ತಿಂಗಳ ಕಂತು ಎಂದ ಕೂಡಲೇ ಹನ್ನೆರಡರಿಂದ ಗುಣಿಸಿ, ಆಮೇಲೆ ಮಾತಾಡಿ.

ಮೆಶ್ ಕೊಳ್ಳುವವರು ಪೋರ್ಟ್ ಗಿಗಾಬಿಟ್ಟೋ ಅಲ್ಲವೋ ನೋಡಿ. ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳಲ್ಲಿ ಅದು 100ಕ್ಕೇ ನಿಲ್ಲುತ್ತದೆ. ಕರೆಂಟ್ ಹೋದರೆ ರೂಟರ್ ಜೊತೆ ಡಬ್ಬಿಗಳೂ ಆರುತ್ತವೆ. ಇನ್ವರ್ಟರ್ ಇಲ್ಲದವರು ಒಂದೊಂದಕ್ಕೂ ಪುಟ್ಟ ಯುಪಿಎಸ್ ಬೆಲೆಯನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.