ಗಡ್ಡೆಯಲ್ಲೇ ನಿಲ್ಲುವ ಕಿರಣ

ಪ್ರಶ್ನೆ: ತಲೆಬುರುಡೆಯ ಬುಡದಲ್ಲಿ ಬೆಳೆಯುವ ಕೆಲವು ಗಡ್ಡೆಗಳಿಗೆ ಮಾಮೂಲಿ ‘ಕರೆಂಟ್’ ಬದಲು ಪ್ರೋಟಾನ್ ಚಿಕಿತ್ಸೆ ಕೊಡುತ್ತಾರಂತೆ. ಎರಡಕ್ಕೂ ಏನು ವ್ಯತ್ಯಾಸ? ಅಷ್ಟು ಒಳ್ಳೆಯದಾದರೆ ಎಲ್ಲರಿಗೂ ಯಾಕೆ ಕೊಡುವುದಿಲ್ಲ?

ಉತ್ತರ: ಕಿರಣ ಎಲ್ಲಿ ನಿಲ್ಲುತ್ತದೆ ಎಂಬುದೇ ವ್ಯತ್ಯಾಸ. ನಾವು ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಸುವುದು ಎಕ್ಸ್-ರೇ. ಅದು ಗಡ್ಡೆಯನ್ನು ದಾಟಿ, ಕುಗ್ಗುತ್ತಾ ಕುಗ್ಗುತ್ತಾ ತಲೆಯ ಆಚೆ ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಈ ಕಣ ಜೋರಾಗಿ ಓಡುವಾಗ ದಾರಿಯಲ್ಲಿ ಕಡಿಮೆ ಶಕ್ತಿ ಬಿಡುತ್ತದೆ, ವೇಗ ತಗ್ಗಿದಂತೆ ಹೆಚ್ಚು ಬಿಡುತ್ತದೆ. ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಉಳಿದದ್ದನ್ನೆಲ್ಲ ಸುರಿದು ನಿಂತುಬಿಡುತ್ತದೆ. ಎಷ್ಟು ಆಳದಲ್ಲಿ ನಿಲ್ಲಬೇಕೆಂಬುದನ್ನು ಆರಂಭದ ಶಕ್ತಿಯಿಂದಲೇ ಹೊಂದಿಸಬಹುದು. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ಸಿಕ್ಕಿತು.

ಇದರ ಬೆಲೆ ತಿಳಿಯಲು ಕಾರ್ಡೋಮಾ ಎಂಬ ಅಪರೂಪದ ಗಡ್ಡೆಯನ್ನು ನೋಡಬೇಕು. ಭ್ರೂಣದ ನೋಟೋಕಾರ್ಡ್ ಎಂಬ ದಂಡದ ಉಳಿಕೆಯಿಂದ ಹುಟ್ಟುವ ಇದು ಹಲವರಲ್ಲಿ ತಲೆಬುರುಡೆಯ ತಳದ ಮೂಳೆಯಲ್ಲಿ ಬೆಳೆಯುತ್ತದೆ. ಹಿಂದೆಯೇ ಉಸಿರಾಟವನ್ನು ನಡೆಸುವ ಮೆದುಳಿನ ಕಾಂಡ, ಹತ್ತಿರದಲ್ಲೇ ಕಣ್ಣಿನ ನರಗಳು. ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆಯುವುದು ಕಷ್ಟ. ಉಳಿದ ಗಡ್ಡೆಯನ್ನು ಅಡಗಿಸಲು 70 ಗ್ರೇಗೂ (ಗ್ರೇ ಎಂದರೆ ದೇಹ ಹೀರುವ ವಿಕಿರಣದ ಅಳತೆ) ಹೆಚ್ಚು ವಿಕಿರಣ ಬೇಕು. ಕಾಂಡವಾಗಲಿ ಕಣ್ಣಿನ ನರವಾಗಲಿ ತಾಳಿಕೊಳ್ಳುವುದು ಸುಮಾರು 54ರಿಂದ 60 ಗ್ರೇ ಮಾತ್ರ. ನಡುವಿನ ಅಂತರ ಕೆಲವೊಮ್ಮೆ ಕೆಲವೇ ಮಿಲಿಮೀಟರು. ನಿಲ್ಲಲು ಬಲ್ಲ ಕಿರಣ ಬೇಕಾಗುವುದು ಇಲ್ಲಿ.

ಪ್ರೋಟಾನಿಗಿಂತ ಸುಮಾರು 12 ಪಟ್ಟು ಭಾರದ ಕಾರ್ಬನ್ ಅಯಾನುಗಳನ್ನೂ ಬಳಸುತ್ತಾರೆ. ಅವು ಪಕ್ಕಕ್ಕೆ ಚದುರುವುದು ಕಡಿಮೆ, ಡಿಎನ್‌ಎಗೆ ಮಾಡುವ ಗಾಯ ರಿಪೇರಿಯಾಗುವುದೂ ಕಷ್ಟ. ಜಪಾನಿನ ಚಿಬಾದಲ್ಲಿ 1994ರಿಂದ, ಜರ್ಮನಿಯಲ್ಲಿ 1997ರಿಂದ ಈ ಚಿಕಿತ್ಸೆ ನಡೆದಿದೆ.

ಹಾಗಾದರೆ ಎಲ್ಲರಿಗೂ ಏಕಿಲ್ಲ? ಕಣಗಳಿಗೆ ವೇಗ ಕೊಡುವ ಯಂತ್ರಕ್ಕೇ ಒಂದು ಕಟ್ಟಡ ಬೇಕು, ಖರ್ಚು ವಿಪರೀತ. ಭಾರತದಲ್ಲಿ ಚೆನ್ನೈನ ಅಪೋಲೊ ಕೇಂದ್ರ 2019ರಲ್ಲಿ, ನವಿ ಮುಂಬೈ ಖಾರ್‌ಘರ್‌ನ ಟಾಟಾ ಸ್ಮಾರಕ ಕೇಂದ್ರ 2023ರಲ್ಲಿ ಪ್ರೋಟಾನ್ ಚಿಕಿತ್ಸೆ ಶುರುಮಾಡಿದವು. ಕರಾರುವಾಕ್ಕಾದ ಕಿರಣಕ್ಕೆ ಅದರದೇ ತೊಡಕೂ ಇದೆ: ಮೂಗಿನ ಪಕ್ಕದ ಸೈನಸ್ಸಿನಲ್ಲಿ ಸಿಂಬಳ ತುಂಬಿದರೂ ಅದು ನಿಲ್ಲುವ ಜಾಗ ಬದಲಾಗಬಹುದು. ಅದಕ್ಕೇ ಮುಖಕ್ಕೆ ಅಚ್ಚಿನ ಮುಖವಾಡ ಹಾಕಿ ತಲೆ ಅಲುಗದಂತೆ ಬಿಗಿದು, ನಡುನಡುವೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಅಡ್ಡಪರಿಣಾಮವೇ ಇಲ್ಲವೆನ್ನುವುದು ಸುಳ್ಳು. ವರ್ಷಗಳ ಬಳಿಕ ಹಾರ್ಮೋನ್ ಕೊರತೆ, ಕಿವುಡುತನ ಬರಬಹುದು.

ಗಡ್ಡೆ ತಲೆಬುರುಡೆಯ ಬುಡದ ಕಾರ್ಡೋಮಾ ಅಥವಾ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಆಗಿದ್ದರೆ, ಇಲ್ಲವೇ ರೋಗಿ ಮಗುವಾಗಿದ್ದರೆ, ಪ್ರೋಟಾನ್ ಬೇಕೇ ಎಂದು ವಿಕಿರಣ ತಜ್ಞರನ್ನು ಕೇಳಲೇಬೇಕು. ಉಳಿದ ಅನೇಕ ಗಡ್ಡೆಗಳಿಗೆ ಇಂದಿನ ಎಕ್ಸ್-ರೇ ಚಿಕಿತ್ಸೆಯೇ ಸಾಕು. ಅದಕ್ಕಾಗಿ ಮನೆ ಮಾರಿ ಪ್ರೋಟಾನ್ ಹುಡುಕಿ ಹೋಗಬೇಕಿಲ್ಲ.